ತೆರೆಯಲು ಬಿಡದ ಪೆಟ್ಟಿಗೆ

ಮೊನ್ನೆ ಸೊರಬದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಕೊರಳಿನ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡರು. ಇಷ್ಟಲಿಂಗ ಇಟ್ಟುಕೊಳ್ಳುವ ಪುಟ್ಟ ಬೆಳ್ಳಿ ಕರಡಿಗೆ. ವಿಭೂತಿಯ ವಾಸನೆ ಬಂತು. ಶಿಕಾರಿಪುರದ ನಮ್ಮ ಎದುರುಮನೆ ಅತ್ತೆ ನೆನಪಾದರು. ಅವರ ಕೊರಳಲ್ಲಿ ಅಂಥವು ಎರಡಿದ್ದವು...

ಒಂದು ಅವರದು, ಇನ್ನೊಂದು ಮಗನದು. ಮಗ ಹೊರದೇಶದ ಕಂಪನಿಯೊಂದರಲ್ಲಿ ವಿಮಾನ ಓಡಿಸುತ್ತಿದ್ದ. ರಜೆ ಮುಗಿಸಿ ಹೊರಡುವಾಗ ಕರಡಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದ. ಹಾಗೆ ಬಿಟ್ಟು ಹೋದ ಒಂದು ಸಲ ಅವನ ವಿಮಾನ ಮಂಜಿನಲ್ಲಿ ಇಳಿಯುವಾಗ ಗುಡ್ಡಕ್ಕೆ ಬಡಿಯಿತು. ಯಾರೂ ಉಳಿಯಲಿಲ್ಲ.

ಸೀಲು ಹಾಕಿದ ಪೆಟ್ಟಿಗೆಯಲ್ಲಿ ಬಂದ. ಸೊರಬ ರಸ್ತೆಯ ಅವರ ಹೊಲದಲ್ಲಿ, ಅವರ ಪದ್ಧತಿಯಂತೆ, ಕೂರಿಸಿ ಮಣ್ಣು ಮಾಡಲು ಗುಣಿ ತೋಡಿಸಿದ್ದರು. ಕೂರುವ ಗುಣಿಯಲ್ಲಿ ಅಷ್ಟುದ್ದದ ಪೆಟ್ಟಿಗೆ ಹೇಗೆ ಹಿಡಿದೀತು? ಎಲ್ಲರೂ ನಿಂತು ನೋಡುತ್ತಿರುವಾಗಲೇ ಮತ್ತೆ ಅಗೆಯಬೇಕಾಯಿತು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಮಗನ ಲಿಂಗವನ್ನು ಪೆಟ್ಟಿಗೆಯ ಮೇಲಿಡಿ ಎಂದರು. ಅತ್ತೆ ಕೊಡಲಿಲ್ಲ.

"ಅಂಗೈಯಾಗೆ ಇಡಬೇಕ್ರೀ ಅದನ್ನ. ಕೈ ಎಲ್ಲೈತೆ ತೋರಿಸ್ರಿ. ಒಳಗಿರೋನು ನನ್ನ ಮಗನೇ ಅಂತ ಯಾರು ನೋಡ್ಯಾರೆ?"

ಪೆಟ್ಟಿಗೆಯ ಜೊತೆಗೆ ಬಂದಿದ್ದ ಕಂಪನಿಯವರು ಅದನ್ನು ತೆರೆಯಲು ಬಿಡಲಿಲ್ಲ. ಲಿಂಗ ಅತ್ತೆಯ ಕೊರಳಿಗೇ ಸೇರಿತು.

ಆಮೇಲೆ ತನಿಖೆಯ ವರದಿ ಬಂತು. ಪೈಲಟ್ ತಪ್ಪು. ಅತ್ತೆಯ ಕಣ್ಣು ಮಂಜಾಗಿದ್ದರಿಂದ ಅದನ್ನು ಓದಿ ಹೇಳುವ ಹಣೆಬರಹ ನನ್ನದಾಯಿತು. ಓಡಿಸುವವರ ಮಾತು ಹಿಡಿದಿಡುವ ವಿಮಾನದ ಕಪ್ಪು ಪೆಟ್ಟಿಗೆ ತೆರೆದು ಕೇಳಿದ್ದಾರಂತೆ ಎಂದೆ.

"ಅವರ ಪೆಟ್ಟಿಗೆ ತೆಗೀಬೋದು, ನನ್ನ ಪೆಟ್ಟಿಗೆ ಮುಟ್ಟಬಾರ್ದು. ಭಾಳ ಚಲೋ ಆತು."

ಅಲ್ಲಿಂದ, ಲೋಕದಲ್ಲಿ ಎಲ್ಲಿ ವಿಮಾನ ಬಿದ್ದರೂ ಪೇಪರು ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಹಳೆಯ ಅಪಘಾತಗಳನ್ನೂ ಬಿಡಲಿಲ್ಲ. ರೆಕ್ಕೆಗೆ ಹಿಮ ಕಟ್ಟಿದ್ದು, ಸಾಮಾನಿನ ಬಾಗಿಲು ಸರಿಯಾಗಿ ಮುಚ್ಚದೆ ಹೋದದ್ದು, ಎತ್ತರ ತೋರಿಸುವ ಮುಳ್ಳು ಸುಳ್ಳು ಹೇಳಿದ್ದು... ಎಲ್ಲ ಓದಿಸಿಕೊಂಡು ಕೊನೆಗೆ ಕೇಳುತ್ತಿದ್ದುದು ಒಂದೇ.

"ಓಡಿಸ್ತಿದ್ದೋನು ಉಳಿದ್ನಾ?"

ಇಲ್ಲ ಅತ್ತೆ ಎಂದರೆ, "ಹಂಗಾರೆ ಅವಂದೇ ತಪ್ಪು ಅಂತಾರೆ, ನೋಡ್ತಿರು. ಸತ್ತೋನು ಬಂದು ಇಲ್ಲ ಅಂತಾನಾ?"

ಎಷ್ಟೋ ಸಲ ಹಾಗೆ ಆಗುತ್ತಿರಲಿಲ್ಲ, ಯಂತ್ರದ ದೋಷವೆಂದೇ ವರದಿ ಬರುತ್ತಿತ್ತು. ಅಂಥ ದಿನ ಅವರಿಗೆ ಇನ್ನೂ ಗುಮಾನಿ: "ಅವನ ಮನೇರು ದೊಡ್ಡ ಕುಳ ಇರಬೇಕು." ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಮಂಜಿನಲ್ಲಿ ಅವನೇ ಎಡವಿರಬಹುದಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದೆ. ನಿಜ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರ ಗುಮಾನಿ ಮಾತ್ರ ನನಗೂ ಅಂಟಿತು.

ಅತ್ತೆ ತೀರಿಕೊಂಡಾಗ ಅದೇ ಹೊಲದಲ್ಲಿ, ಪೆಟ್ಟಿಗೆಯ ಪಕ್ಕದಲ್ಲೇ, ಕೂರಿಸಿ ಮಣ್ಣು ಮಾಡಿದರು. ಎಡಗೈಯಲ್ಲಿ ಅವರ ಲಿಂಗ. ಇನ್ನೊಂದನ್ನು ಏನು ಮಾಡುವುದೆಂದು ಅಯ್ಯನವರು ಸುತ್ತ ನೋಡಿದರು. ನಾನೇ ಅದನ್ನು ಅವರ ಬಲಗೈಯಲ್ಲಿಟ್ಟೆ.

ಬಸ್ಸು ಆ ಹೊಲದ ಹತ್ತಿರ ಬಂದಾಗ ಹಿಂದಿನ ಸೀಟಿನವರೊಬ್ಬರು ಮೊಬೈಲಿನಲ್ಲಿ ಸುದ್ದಿ ಹಚ್ಚಿದ್ದರು. ಎಲ್ಲೋ ವಿಮಾನ ಬಿದ್ದಿತ್ತು. "ಪೈಲಟ್‌ದೇ ತಪ್ಪಂತ್ರೀ," ಎಂದರು.

"ಉಳಿದ್ನಾ ಅವನು?" ನನ್ನ ಬಾಯಿಂದಲೇ ಬಂತು.

"ಇಲ್ರೀ."

ಮುಂದಿನ ಮಾತಿಗಾಗಿ ಒಂದು ಕ್ಷಣ ಕಾದೆ. ಅದನ್ನು ಆಡಬೇಕಾದವರು ಕಿಟಕಿಯಾಚೆ, ಮೆಕ್ಕೆಜೋಳದ ನಡುವೆ, ಎರಡೂ ಕೈ ತುಂಬಿಕೊಂಡು ಕೂತಿದ್ದರು.