ಮಿಷನ್ ಕಿವೀಲೋ, ಡ್ರಾಯರಲ್ಲೋ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಬೀದಿ ದೀಪಗಳೂ ಆರಿಲ್ಲ. ಸಾಲು ಅಂಗಡಿಗಳ ಕೊನೆಯಲ್ಲಿ ಒಬ್ಬ ಹೆಂಗಸು ನಿಂತು ಕೈಚೀಲದಿಂದ ಪುಟ್ಟ ಡಬ್ಬಿಯೊಂದನ್ನು ತೆಗೆಯುತ್ತಾರೆ. ಅದರೊಳಗಿನ ಎರಡು ಶ್ರವಣಯಂತ್ರಗಳನ್ನು ಒಂದೊಂದಾಗಿ ಕಿವಿಗೆ ಸಿಕ್ಕಿಸಿಕೊಂಡು, ಕೂದಲನ್ನು ಎತ್ತಿ ಬಿಗಿಯಾಗಿ ಗಂಟು ಕಟ್ಟುತ್ತಾರೆ. ಬೀಗಕ್ಕೆ ಕೈ ಹಾಕುವುದು ಆಮೇಲೆ. ಶಟರ್ ಮೇಲೇರುವಾಗ ಎಬ್ಬಿಸುವ ರಂಪಕ್ಕೆ ಎದುರು ಮಹಡಿಯ ನಾಯಿ ರೇಗಿ ಬೊಗಳುತ್ತದೆ. ಇವರ ಮುಖದಲ್ಲಿ ಮಾತ್ರ ನಗು. "ಈ ಸದ್ದು ಕೇಳಿಸ್ಕೊಳ್ದೇ ನನ್ನ ದಿನ ಶುರುವಾಗಲ್ಲ," ಎನ್ನುತ್ತಾರೆ. "ಎಷ್ಟೋ ವರ್ಷ ಇದು ನನ್ನ ಪಾಲಿಗೆ ಇರ್ಲೇ ಇಲ್ಲ."

ಇದು ಶ್ರವಣಯಂತ್ರದ ಅಂಗಡಿ. ಇಲ್ಲಿ ಕೆಲಸ ಮಾಡುವವರು ಇಬ್ಬರೇ. ಒಳಗಿನ ಕೋಣೆಯಲ್ಲಿ ಕಿವಿ ಪರೀಕ್ಷಿಸಿ ಯಂತ್ರ ಹೊಂದಿಸಿ ಕೊಡುವವರು ಅಂಗಡಿಯ ಒಡತಿ, ಎಲ್ಲರ ಬಾಯಲ್ಲಿ 'ಮೇಡಂ'. ಬಾಗಿಲ ಎದುರಿನ ಮೇಜಿನವರು ಈಗಷ್ಟೇ ಶಟರ್ ಎತ್ತಿದ ಈಕೆ, ಎಲ್ಲರಿಗೂ 'ಕಿವಿಯಕ್ಕ'. ಇಂಥ ದಿನ ಬರುತ್ತೇನೆ ಎಂದವರು ಬರುವಂತೆ ನೋಡಿಕೊಳ್ಳುವುದು ಕಿವಿಯಕ್ಕನ ಕೆಲಸ. ಕೇಳಿದರೆ ಇದೂ ಒಂದು ಕೆಲಸವೇ ಎನಿಸಬಹುದು. ಒಂದು ವಾರ ಆ ಕುರ್ಚಿಯಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ.

ಇಷ್ಟು ಬೇಗ ಅಂಗಡಿ ತೆರೆಯಲು ಕಾರಣವಿದೆ. ವಯಸ್ಸಾದವರು ಕೋಳಿಗಿಂತ ಮೊದಲೇ ಎದ್ದು ಮೊಬೈಲ್ ಹಿಡಿದಿರುತ್ತಾರೆ. ಕಂಪ್ಯೂಟರ್ ಹಚ್ಚಿದರೆ, ಮಿಷನ್ ಎಲ್ಲಿದೆ ಎಂದು ಹಿಂದಿನ ದಿನ ಕೇಳಿದ್ದಕ್ಕೆ ಅವರ ಉತ್ತರಗಳು ಸಾಲಾಗಿ ಬಂದು ಕೂತಿವೆ. 'ಕಿವೀಲಿ.' 'ಡ್ರಾಯರಲ್ಲಿ, ಬೈಬೇಡಿ.' 'ಸೊಸೆ ಎತ್ತಿಟ್ಟಿದ್ದಾಳೆ.' 'ಕೋಟಿನ ಜೇಬಲ್ಲಿ. ಕೋಟು ಒಗೆಯೋಕೆ ಹೋಗಿದೆ.' ಕೊನೆಯದನ್ನು ಓದಿ ಕಿವಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಮರುಕ್ಷಣವೇ ಆ ಮನೆಯ ಮಗನಿಗೆ ಫೋನ್ ಹೋಗುತ್ತದೆ: "ಮೊದಲು ಕೋಟು ಹಿಡೀರಿ ಸ್ವಾಮಿ!"

ಶ್ರವಣಯಂತ್ರ ಕನ್ನಡಕದ ಹಾಗಲ್ಲ, ಹಾಕಿಕೊಂಡ ಕೂಡಲೇ ಲೋಕ ತಿಳಿಯಾಗುವುದಿಲ್ಲ. ಮೊದಲ ದಿನಗಳಲ್ಲಿ ಚಮಚ ತಟ್ಟೆಗೆ ತಗುಲಿದರೂ ತಲೆ ಸಿಡಿಯುತ್ತದೆ. ತನ್ನ ಚಪ್ಪಲಿಯ ಸದ್ದಿಗೆ ತಾನೇ ಹಿಂತಿರುಗಿ ನೋಡುವಂತಾಗುತ್ತದೆ. ಎರಡು ಮೂರು ಸಲ ಬಂದು ಹೊಂದಿಸಿಕೊಂಡರೇ ಅದು ಕಿವಿಗೆ ಒಗ್ಗುವುದು. ಬರುವುದೇ ಇಲ್ಲವಲ್ಲ, ಅದೇ ತಲೆನೋವು! ಮೊದಲೆಲ್ಲ ಹತ್ತು ಜನಕ್ಕೆ ಸಮಯ ಕೊಟ್ಟರೆ ನಾಲ್ವರು ನಾಪತ್ತೆ. ಇತ್ತ ಮೇಡಂ ಖಾಲಿ ಕುರ್ಚಿ ನೋಡುತ್ತ ಕೂರುತ್ತಿದ್ದರು, ಅತ್ತ ಮನೆಗಳಲ್ಲಿ ಯಂತ್ರಗಳು ಧೂಳು ತಿನ್ನುತ್ತಿದ್ದವು.

ಬೇಸತ್ತ ಮೇಡಂ ಕಳೆದ ವರ್ಷ ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದನ್ನು ತಂದರು. ಭೇಟಿಯ ಹಿಂದಿನ ದಿನ ಅದೇ ಎಲ್ಲರಿಗೂ ಫೋನ್ ಮಾಡಿ ನೆನಪಿಸುತ್ತಿತ್ತು, ಅವರ ಉತ್ತರವನ್ನು ದಾಖಲಿಸಿಕೊಳ್ಳುತ್ತಿತ್ತು. ಹೆಣ್ಣುದನಿ, ಸಕ್ಕರೆ ಸುರಿದ ಮಾತು. ಕಿವಿಯಕ್ಕ ಅದಕ್ಕೆ 'ಜಾಣೆ' ಎಂದು ಹೆಸರಿಟ್ಟರು, ಹೊಗಳಲಿಕ್ಕಲ್ಲ. ಕಿವಿ ಕೇಳದವರಿಗೆ ಫೋನ್ ಮಾಡಿ ನೆನಪಿಸುವ ಯಂತ್ರ! ಮಾರಿದವರಿಗೂ ಹೊಳೆಯಲಿಲ್ಲ, ಕೊಂಡವರಿಗೂ ಹೊಳೆಯಲಿಲ್ಲ. "ಒಬ್ಬ ತಾತ 'ಆಂ? ಯಾರು? ಆಂ?' ಅಂತಾನೇ ಇದ್ರು. ಇವಳು 'ಧನ್ಯವಾದ, ನಾಳೆ ಸಿಗೋಣ' ಅಂತ ಫೋನ್ ಇಟ್ಳು. ನಾಳೆ ಎಲ್ಲಿಂದ ಸಿಗ್ತಾರೆ?"

ಅಲ್ಲಿಗೆ ನಗು ಮುಗಿಯಿತು. ಫೋನಿಗೆ ಉತ್ತರಿಸದವರ, ಎರಡು ಸಲ ತಪ್ಪಿಸಿಕೊಂಡವರ ಹೆಸರಿನ ಮುಂದೆ ಜಾಣೆ ಕೆಂಪು ಗುರುತು ಹಾಕತೊಡಗಿದಳು. ಇವರು ಬರುವುದು ಅನುಮಾನ, ಇವರ ಸಮಯವನ್ನು ಬೇರೆಯವರಿಗೆ ಕೊಡಿ ಎಂಬ ಸಲಹೆ ಬೇರೆ. ಮೇಡಂಗೆ ಅದು ಸರಿಯೆನಿಸಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಆರು ತಿಂಗಳಲ್ಲಿ ಖಾಲಿ ಕುರ್ಚಿಗಳು ಕಡಿಮೆಯಾಗದಿದ್ದರೆ ಮುಂದಿನ ಮೇಜನ್ನು ತೆಗೆದು ಅಲ್ಲಿ ಜಾಣೆಯ ಪರದೆ ನಿಲ್ಲಿಸುವುದು. ಕಿವಿಯಕ್ಕನ ಕುರ್ಚಿ ಅಲುಗಾಡಿದ್ದು ಹೀಗೆ.

ಆ ಕುರ್ಚಿ ಅವರಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಚಿಕ್ಕವರಿದ್ದಾಗ ಬಂದ ಜ್ವರ ಕಿವಿಯನ್ನು ಮುಕ್ಕಾಲು ಪಾಲು ಕೊಂಡೊಯ್ದಿತು. ಶಾಲೆಯಲ್ಲಿ 'ಕೆಪ್ಪಿ', ಕೆಲಸಕ್ಕೆ ಸೇರಿದಲ್ಲೂ 'ಕೆಪ್ಪಿ'. ಬಟ್ಟೆ ಕಾರ್ಖಾನೆಯ ಹಿಂಭಾಗದಲ್ಲಿ, ಯಾರ ಜೊತೆಗೂ ಮಾತಾಡಬೇಕಿಲ್ಲದ ಮೂಲೆಯಲ್ಲಿ, ಅಂಗಿ ಮಡಚಿ ಡಬ್ಬಕ್ಕೆ ತುಂಬುವ ಕೆಲಸ. ಮದುವೆಯಾದ ಮೇಲೆ ಗಂಡ ಹಟ ಹಿಡಿದು ಇದೇ ಅಂಗಡಿಗೆ ಕರೆತಂದರು. ಯಂತ್ರ ಸಿಕ್ಕಿತು. ಸಿಕ್ಕಿದ್ದು ನೇರವಾಗಿ ಡ್ರಾಯರ್ ಸೇರಿ ಒಂದಿಡೀ ವರ್ಷ ಅಲ್ಲೇ ಬಿದ್ದಿತ್ತು. "ಹಾಕ್ಕೊಂಡ್ರೆ ಎಲ್ಲರಿಗೂ ಕಾಣುತ್ತೆ. ಹಾಕ್ಕೊಳ್ದಿದ್ರೆ ಮೇಡಂ ಮುಂದೆ ಹೋಗೋಕೆ ಮುಖ ಇಲ್ಲ. ಸಮಯ ಕೊಡ್ತಿದ್ರು, ನಾನು ಹೋಗ್ತಿರ್ಲಿಲ್ಲ. ಮರ್ತಿದ್ದೆ ಅಂದ್ಕೊಂಡ್ರಾ? ಗಡಿಯಾರ ನೋಡ್ಕೊಂಡೇ ಕೂತಿರ್ತಿದ್ದೆ."

ಕೊನೆಗೂ ಬಂದರು, ಹೊಂದಿಸಿಕೊಂಡರು, ಮುಂದೆ ಅಲ್ಲೇ ಕೆಲಸಕ್ಕೆ ಸೇರಿದರು. ಆದ್ದರಿಂದಲೇ ಕೆಂಪು ಗುರುತು ಕಂಡಾಗ ಅವರಿಗೆ ಮೈಯೆಲ್ಲ ಉರಿಯಿತು.

ದಾರಿ ತೋರಿಸಿದ್ದು ಅವರ ಅತ್ತೆ. ಅತ್ತೆಗೂ ಈಗ ಕಿವಿ ಮಂದ. ಸೊಸೆಯೇ ಅಂಗಡಿಯಿಂದ ಯಂತ್ರ ಕೊಡಿಸಿದ್ದರೂ ಹೊಂದಿಸಿಕೊಳ್ಳಲು ಮತ್ತೆ ಅಂಗಡಿಯ ಕಡೆ ತಲೆ ಹಾಕಿದವರಲ್ಲ. ಜಾಣೆಯ ಫೋನಿಗೂ ಜಗ್ಗಲಿಲ್ಲ, ಸೊಸೆಯ ಗೋಗರೆತಕ್ಕೂ ಜಗ್ಗಲಿಲ್ಲ. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಕಿವಿಯಕ್ಕ ಅಡುಗೆಮನೆಯಲ್ಲಿ ನಿಂತೇ ಅತ್ತೆಯ ಮೊಬೈಲಿಗೆ ದೊಡ್ಡ ಅಕ್ಷರಗಳಲ್ಲಿ ಬರೆದು ಕಳಿಸಿದರು: 'ಮಿಷನ್ ಎಲ್ಲಿದೆ? ಕಿವೀಲೋ, ಡ್ರಾಯರಲ್ಲೋ?' ಅತ್ತೆ ಮಲಗುವ ಕೋಣೆಯಿಂದ ಉತ್ತರ ಬರೆದರು: 'ಹೊಲಿಗೆ ಡಬ್ಬೀಲಿ.' ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು: 'ಹಾಕ್ಕೊಂಡ್ರೆ ನನ್ನ ದನಿ ನನಗೇ ಯಾರದ್ದೋ ಅನ್ಸುತ್ತೆ. ಭಯ ಆಗುತ್ತೆ ಕಣೇ.' ಒಂದೇ ಸೂರಿನಡಿ ಇದ್ದೂ ಬಾಯಿಬಿಟ್ಟು ಹೇಳಲಾಗದ್ದನ್ನು ಆಕೆ ಬರೆದು ಹೇಳಿದ್ದರು. ಸೊಸೆ ಒಲೆ ಆರಿಸಿ ಹೋಗಿ ಅತ್ತೆಯ ಪಕ್ಕ ಕೂತರು.

ಮರುದಿನ ಕಿವಿಯಕ್ಕ ಯಾರನ್ನೂ ಕೇಳದೆ ಜಾಣೆಯ ಬಾಯಿ ಕಟ್ಟಿಹಾಕಿದರು. ಫೋನ್ ಬಂದ್, ಇನ್ನು ಬರೀ ಬರಹ. 'ನಿಮ್ಮ ಭೇಟಿ ನಾಳೆ ಹತ್ತಕ್ಕೆ' ಎಂಬ ಸಾಲಿಗೂ ಮೊದಲು ಆ ಒಂದು ಪ್ರಶ್ನೆ. ಡ್ರಾಯರಲ್ಲಿ ಎಂದವರಿಗೆ ಉಪದೇಶ ಬೇಡ, 'ಪರವಾಗಿಲ್ಲ, ಹಾಗೇ ತನ್ನಿ' ಎಂದಷ್ಟೇ ಬರೆಯಬೇಕು. ಯಾರಾದರೂ ನೋವು, ಭಯ ಎಂದರೆ ಆ ಸಾಲನ್ನು ತನಗೆ ದಾಟಿಸಬೇಕು. ಕೆಂಪು ಗುರುತುಗಳನ್ನೆಲ್ಲ ಒಂದೂ ಬಿಡದೆ ಅಳಿಸಿದರು. ಮೇಡಂಗೆ ತಿಳಿದಾಗ ದೊಡ್ಡ ರಾದ್ಧಾಂತವಾಯಿತು.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಅಕ್ಕ?" ಎಂದರು ಮೇಡಂ.

"ಕೇಳಿದ್ರೆ ಬೇಡ ಅಂತಿದ್ರಿ ಮೇಡಂ. ಅದಕ್ಕೇ ಕೇಳ್ಲಿಲ್ಲ." ಆರು ತಿಂಗಳ ಗಡುವು ಇನ್ನೂ ಮುಗಿದಿರಲಿಲ್ಲ; ನೋಡೋಣ ಎಂದು ಮೇಡಂ ಅದನ್ನು ಹಾಗೇ ಬಿಟ್ಟರು.

ಕೆಂಪು ಗುರುತಿನವರಲ್ಲಿ ಬೀಗ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಬರಹಕ್ಕೂ ಅವರಿಂದ ಉತ್ತರವಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಿವಿಯಕ್ಕ ಅವರ ಗೂಡಂಗಡಿಗೇ ಹೋಗಿ ಎದುರಿಗೆ ನಿಂತರು. ಆತ ಮೊದಲು ನೋಡಿದ್ದು ಇವರ ಕಿವಿಗಳನ್ನು. ಆಮೇಲೆ ಕೈಯಲ್ಲಿದ್ದ ಬೀಗ ಕೆಳಗಿಟ್ಟರು. "ಕೀಲಿ ತಿರುಗಿಸೋವಾಗ ಒಳಗೆ ಟಿಕ್ ಅನ್ನುತ್ತಲ್ಲ ತಾಯಿ, ಅದು ಕಲ್ಲು ಒಡೆದ ಹಾಗೆ ಕೇಳುತ್ತೆ. ಕೆಲ್ಸಾನೇ ಆಗಲ್ಲ. ಮೇಡಂಗೆ ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ಮನಾದೆ." ಮರುದಿನ ಅವರು ಎರಡು ಬೀಗ ಹಿಡಿದೇ ಅಂಗಡಿಗೆ ಬಂದರು. ಹಿರಿಯರು ಬೀಗ ತಿರುಗಿಸಿ ತಿರುಗಿಸಿ ಕೇಳುತ್ತಿದ್ದಂತೆ ಮೇಡಂ ಆ ಒಂದು ಸದ್ದು ಹದಕ್ಕೆ ಬರುವವರೆಗೂ ಯಂತ್ರ ಹೊಂದಿಸಿದರು. ಅದು ಮೇಡಂ ಕೈಚಳಕ. ಮುಂದಿನ ಮೇಜಿನಲ್ಲಿ ಎಷ್ಟು ಹಾರಾಡಿದರೂ ಆ ಕೆಲಸ ತನ್ನಿಂದಾಗದು ಎಂದು ಕಿವಿಯಕ್ಕನೇ ಒಪ್ಪುತ್ತಾರೆ.

ಜಾಣೆಗೂ ಸಲ್ಲಬೇಕಾದ್ದು ಸಲ್ಲಬೇಕು. ಮೊದಲ ಸಲ ಒಂಟಿಯಾಗಿ ಬಂದವರೇ ಎರಡನೇ ಸಲ ಹೆಚ್ಚು ತಪ್ಪಿಸಿಕೊಳ್ಳುತ್ತಾರೆ ಎಂದು ಕಂಡುಹಿಡಿದವಳು ಅವಳು. "ಇದು ನನಗೆ ಹೊಳೆದಿರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ? ಮನೇಲಿ ಹೇಳದೇ ಕದ್ದು ಬಂದಿರ್ತಾರೆ ಪಾಪ. ಈಗ ಒಂಟಿಯಾಗಿ ಬಂದೋರ ಜೊತೆ ನಾನು ಅರ್ಧ ಗಂಟೆ ಹರಟೆ ಹೊಡೀತೀನಿ. ದಿನಾ ಅಷ್ಟು ಜನಕ್ಕೆ ಬರೆಯೋಕೆ ನನ್ನ ಕೈಲಿ ಆಗಲ್ಲ, ಅವಳ ಕೈಲಿ ಆಗುತ್ತೆ. ಅವಳು ಇರ್ಲಿ. ಯಾರನ್ನ ಕೈಬಿಡ್ಬೇಕು ಅಂತ ಮಾತ್ರ ಅವಳು ಹೇಳೋದು ಬೇಡ."

ಆರು ತಿಂಗಳು ಕಳೆಯಿತು. ನಾಪತ್ತೆಯಾಗುವವರು ಹತ್ತಕ್ಕೆ ಒಬ್ಬರಿಗೆ ಇಳಿದರು. ಕಿವಿಯಕ್ಕ ಗೆದ್ದರು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಅಷ್ಟರಲ್ಲಿ ಯಂತ್ರ ಪೂರೈಸುವ ಕಂಪನಿಯ ಪ್ರತಿನಿಧಿಯೊಬ್ಬ ಬಂದು ಅಂಗಡಿಯನ್ನು ಕಣ್ಣಲ್ಲೇ ಅಳೆದ. ಬಾಗಿಲಲ್ಲೇ ಕಿವಿ ಮಂದ ಇರುವವರನ್ನು ಕೂರಿಸಿದರೆ ನೋಡಿದವರು ಏನಂದುಕೊಳ್ಳುತ್ತಾರೆ, ಎಲ್ಲ ಕಡೆ ಮುಂದೆ ಪರದೆ ಇಡುತ್ತಾರೆ ಎಂದು ಮೇಡಂ ತಲೆಗೆ ಹುಳ ಬಿಟ್ಟು ಹೋದ. ಕೆಲಸ ಹೋಗುವುದಿಲ್ಲ, ಸಂಬಳವೂ ಅಷ್ಟೇ ಇರುತ್ತದೆ, ಮೇಜನ್ನು ಮಾತ್ರ ಒಳಗಿನ ಚಿಕ್ಕ ಕೋಣೆಗೆ ಹಾಕೋಣ ಎಂದು ಮೇಡಂ ಮೆಲ್ಲಗೆ ಹೇಳಿದರು. ಕೇಳಿದವರಿಗೆ ಇದರಲ್ಲೇನು ತಪ್ಪು ಎನಿಸಬಹುದು. ಕಾರ್ಖಾನೆಯ ಹಿಂಭಾಗದಲ್ಲಿ ಯೌವನ ಕಳೆದವರಿಗೆ ಹಾಗೆನಿಸುವುದಿಲ್ಲ.

"ತೆಗೀಬೇಕು ಅಂದ್ರೆ ತೆಗೀರಿ ಮೇಡಂ, ಇವತ್ತೇ ಹೋಗ್ತೀನಿ," ಎಂದರು ಕಿವಿಯಕ್ಕ. "ಒಳಗೆ ಮಾತ್ರ ನಾನು ಕೂರಲ್ಲ."

ಸಂಜೆ ಮನೆಯಲ್ಲಿ ವಿಷಯ ಕೇಳಿದ ಕಿವಿಯಕ್ಕನ ಗಂಡ ಗಾಬರಿಯಾದರು. ಅತ್ತೆ ಮಾತ್ರ, "ಸರಿಯಾಗೇ ಹೇಳಿದ್ದೀಯ, ಊಟ ಮಾಡು," ಎಂದರು. ಮರುದಿನ ಅಂಗಡಿಗೆ ಬಂದ ಮೇಡಂ ಮೇಜನ್ನು ಮುಟ್ಟಲಿಲ್ಲ. ಮಧ್ಯಾಹ್ನ ಪರದೆ ಕೂರಿಸುವ ಕೆಲಸದವನು ಬಂದಾಗ ಪಕ್ಕದ ಗೋಡೆಗೆ ಮೊಳೆ ಹೊಡೆಸಿ ಜಾಣೆಯ ಪರದೆಯನ್ನು ಅಲ್ಲಿ ಹಾಕಿಸಿದರು. ಆ ಪ್ರತಿನಿಧಿ ಮತ್ತೆ ಬರುತ್ತಾನಂತೆ. ಬರಲಿ, ಕುರ್ಚಿ ಕೊಟ್ಟು ಕೂರಿಸಿ ಮಾತಾಡುತ್ತೇನೆ ಎನ್ನುತ್ತಾರೆ ಕಿವಿಯಕ್ಕ.

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಅವರ ಕಣ್ಣು ಬಾಗಿಲತ್ತ ಹೋಗುತ್ತದೆ. ಗಾಜಿನ ಬಾಗಿಲಾಚೆ ಒಬ್ಬ ಮಧ್ಯವಯಸ್ಕ ಆಗಲೇ ಮೂರನೇ ಸಲ ಅಂಗಡಿ ದಾಟಿ ಹೋಗುತ್ತಿದ್ದಾನೆ, ಒಳಗೆ ಬರಲು ಧೈರ್ಯವಿಲ್ಲ. ಕಿವಿಯಕ್ಕ ಅವನತ್ತಲೇ ನೋಡುತ್ತ ಹೇಳುತ್ತಾರೆ: "ಮರೆಯೋರನ್ನ ಜಾಣೆ ನೋಡ್ಕೊಳ್ಳಲಿ. ನಾಚ್ಕೊಳ್ಳೋರು ಬಾಗಿಲ ಹತ್ರ ಬಂದಾಗ ಮೊದಲು ಅವರ ಕಣ್ಣಿಗೆ ನನ್ನ ಕಿವಿ ಬೀಳ್ಬೇಕು. ಅದಕ್ಕೆ ಈ ಕುರ್ಚಿ ಇಲ್ಲೇ ಇರ್ಬೇಕು, ಅಷ್ಟೇ." ಹೇಳಿದವರೇ ಎದ್ದು ಹೋಗಿ ಬಾಗಿಲು ತೆರೆದು ಹಿಡಿಯುತ್ತಾರೆ.