ಕುದ್ರೋಳಿಯ ರೆಕಾರ್ಡು ಸಾಹೇಬರು

ಎಪ್ಪತ್ತರ ದಶಕದ ಮಂಗಳೂರಿನಲ್ಲಿ ನನ್ನ ಕೈಯಲ್ಲಿ ಬೇಸ್ತು ಬೀಳದೆ ಉಳಿದವರು ಒಬ್ಬರೇ, ಕುದ್ರೋಳಿಯ ರೆಕಾರ್ಡು ಸಾಹೇಬರು. ಪಣಂಬೂರಿಗೆ ಬರುವ ಹಡಗಿನವರಿಂದ ಅಮೆರಿಕದ ಕಪ್ಪು ಜನರ ಹಳೆಯ ಸೋಲ್, ಅಂದರೆ ಆತ್ಮದ, ಹಾಡುಗಳ ರೆಕಾರ್ಡು ಸಂಪಾದಿಸುತ್ತಿದ್ದರು. ಮಾರುತ್ತಿರಲಿಲ್ಲ, ರೆಕಾರ್ಡಿಗೆ ರೆಕಾರ್ಡೇ ಆಗಬೇಕು. ನಾನು ತಂದದ್ದನ್ನು ಅಂಗೈಗಳ ನಡುವೆ ಹಿಡಿದು, ಬೆಳಕಿಗೆ ಓರೆಮಾಡಿ, ಹಾಕಿ ಕೇಳಿ, "ಕಿವಿಗೆ ಬಂತು ಶೆಟ್ರೆ, ಎದೆಗೆ ಬರ್ಲಿಲ್ಲ" ಎಂದು ಹಿಂದಕ್ಕೆ ಕೊಡುತ್ತಿದ್ದರು.

ಅವರಲ್ಲಿದ್ದ ಒಬ್ಬ ಗಾಯಕಿಯ ರೆಕಾರ್ಡಿನ ಮೇಲೆ ನನಗೆ ಪ್ರಾಣ. ಏನು ತಂದರೂ ಸಾಹೇಬರು ಜಗ್ಗಲಿಲ್ಲ. ಕೊನೆಗೆ ಒಂದು ಯಕ್ಷಗಾನದ ರೆಕಾರ್ಡಿಗೆ ಸೋಲ್ ಹಾಡಿನ ಲೇಬಲ್ ಅಂಟಿಸಿ ಕೊಂಡೊಯ್ದೆ. ಮುಳ್ಳು ತಾಗಿದ್ದೇ ಚೆಂಡೆ ಬಡಿಯಿತು, ಭಾಗವತರು ಏರುಸ್ವರದಲ್ಲಿ ಹಾಡತೊಡಗಿದರು. ನಾನು ನಗಲು ಬಾಯಿ ತೆರೆದೆ. ಸಾಹೇಬರು ಕೈ ಎತ್ತಿ ತಡೆದು, ಪೂರ್ತಿ ಕೇಳಿದರು.

"ನಿಮ್ಮ ಲೇಬಲ್ ಸುಳ್ಳು ಮಾರಾಯ್ರೆ. ಆದ್ರೆ ಈ ಜನ ಸೀದಾ ಎದೆಗೇ ಬಂದ. ಇದು ನನಗಿರ್ಲಿ, ಆ ಹೆಂಗಸಿನದ್ದು ನೀವು ತಕೊಂಡು ಹೋಗಿ."

ಮುಂದೆ ಅವರು ಗಲ್ಫಿನಲ್ಲಿದ್ದ ಮಗನ ಮನೆಗೆ ಹೋದರು. ಭಾಗವತರನ್ನು ಬಟ್ಟೆಗಳ ನಡುವೆ ಸುತ್ತಿ ಕೊಂಡೊಯ್ದರಂತೆ. ಸಂಜೆ ಕದ್ರಿಯ ಮನೆಯಲ್ಲಿ ಆ ಗಾಯಕಿಯ ಹಾಡು ಮುಗಿದ ಮೇಲೆ ನಾನು ಮುಳ್ಳು ಎತ್ತಿಡುತ್ತೇನೆ, ಆ ಮರಳುಗಾಡಿನಲ್ಲಿ ಈಗ ಚೆಂಡೆ ಬಡಿಯುತ್ತಿದೆಯೋ ಏನೋ ಎಂದುಕೊಂಡು.