ಹೊಸ ಪಂಚಾಯ್ತಿಯ ಮೊದಲ ಅಧ್ಯಕ್ಷ

ತಮ್ಮಣ್ಣ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಮೂವತ್ತು ವರ್ಷ ಎರಕ ಹೊಯ್ದವನು. ಕೆಲಸ ಮುಗಿಸಿ ಖಾನಾಪುರ ತಾಲೂಕಿನ ನಮ್ಮೂರಿಗೆ ಮರಳಿದಾಗ, ಇನ್ನು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಜಗಿಯುತ್ತಾನೆ ಎಂದುಕೊಂಡಿದ್ದೆವು. ಅಷ್ಟರಲ್ಲಿ ನಮ್ಮ ಕೆಳಗಿನೂರೂ ಗುಡ್ಡದ ಮೇಲಿನೂರೂ ಸೇರಿ ಹೊಸ ಗ್ರಾಮ ಪಂಚಾಯ್ತಿಯಾಯಿತು. ಯಾರೊಂದಿಗೂ ಜಗಳವಾಡದ ಮನುಷ್ಯ ಅವನೊಬ್ಬನೇ ಎಂದು ಅವನನ್ನೇ ಮೊದಲ ಅಧ್ಯಕ್ಷನನ್ನಾಗಿ ಮಾಡಿದೆವು. ನಮ್ಮ ಮಾತು ಕೇಳುತ್ತಾನೆ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪಂಚಾಯ್ತಿ ಕಚೇರಿ ಎಲ್ಲಿ ಕಟ್ಟಬೇಕು ಎಂಬುದೇ ಮೊದಲ ತಂಟೆ. ಹದಿಮೂರು ಸದಸ್ಯರಲ್ಲಿ ತಮ್ಮಣ್ಣನೂ ಸೇರಿ ನಾವು ಏಳು, ಅವರು ಆರು. ನಮ್ಮೂರೇ ಗೆಲ್ಲುವುದು ಖಚಿತವಿತ್ತು. ಆದರೆ ತಮ್ಮಣ್ಣ ಸಭೆಯನ್ನು ಮೇಲಿನೂರಿನಲ್ಲಿ ಕರೆದ, ಅದೂ ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಅಲ್ಲಿಗೆ ರಸ್ತೆಯಿಲ್ಲ, ಬಸ್ಸಿಲ್ಲ. ಏದುಸಿರು ಬಿಡುತ್ತ ಗುಡ್ಡ ಹತ್ತಿದೆವು. ಬಾಳವ್ವ ಎಂಬ ಮುದುಕಿ ನೀರು ತಂದುಕೊಟ್ಟಳು.

"ಬರ್ರಿ, ಕುಂದರ್ರಿ. ಪಿಂಚಣಿ ಕಾಗದದ ಒಂದು ಸಹಿಗೆ ನಾ ಈ ಗುಡ್ಡ ಮೂರು ಸಲ ಇಳದು ಹತ್ತೀನ್ರೀ."

ನನಗೆ ನಾಚಿಕೆಯಾಯಿತು, ಆದರೂ ಹಟ ಬಿಡಲಿಲ್ಲ. ಕೈ ಎತ್ತುವ ಹೊತ್ತಿಗೆ ತಮ್ಮಣ್ಣನ ಕೈ ಮೇಲಿನೂರಿನ ಆರು ಜನರ ಜೊತೆ ಎದ್ದಿತು. ಕಚೇರಿ ಅವರಿಗೆ ಹೋಯಿತು.

"ಹುಟ್ಟಿದ ಊರಿಗೇ ದ್ರೋಹ ಮಾಡಿದಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

"ಗಜಾನನ, ಎರಕ ಹೊಯ್ದ ಕೂಡ್ಲೇ ಅಚ್ಚು ಬಿಚ್ಚಬಾರದು. ಆರಾಕ ಬಿಡಬೇಕು," ಎಂದಷ್ಟೇ ಹೇಳಿದ.

ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಈ ಪುಣ್ಯಾತ್ಮ ಮಾರು ಗೆದ್ದು ಮನೆ ಸೋತ. ಊರಲ್ಲಿ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಒಡಹುಟ್ಟಿದ ತಮ್ಮ ರಾಮಲಿಂಗ ಮಗಳ ಮದುವೆಗೂ ಕರೆಯಲಿಲ್ಲ. ಅಂದು ಬಾಗಿಲು ಹಾಕಿಕೊಂಡು ತಮ್ಮಣ್ಣ ಅತ್ತನೆಂದು ಅವನ ಹೆಂಡತಿ ನಾಗರತ್ನಾ ಹೇಳಿದಳು. ಆದರೆ ಮರುದಿನವೇ ಬೆಳಗಾವಿಗೆ ಹೊರಟ. ಗುಡ್ಡದ ಮೇಲೆ ಸರ್ಕಾರಿ ಕಚೇರಿ ಇದೆ, ರಸ್ತೆ ಕೊಡಿ ಎಂದು ವರ್ಷವಿಡೀ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ.

ಕೊನೆಗೂ ರಸ್ತೆಯಾಯಿತು. ಹಿಂದೆಯೇ ಖಾನಾಪುರದಿಂದ ಬಸ್ಸೂ ಬಂತು. ಮೇಲಿನೂರಿಗೆ ಹೋಗಲು ಆ ಬಸ್ಸಿಗೆ ನಮ್ಮೂರ ನಡುವೆಯೇ ಹಾದಿ. ಹೆದ್ದಾರಿಯವರೆಗೆ ಮೂರು ಕಿಲೋಮೀಟರು ನಡೆಯುತ್ತಿದ್ದ ನಮ್ಮ ಹುಡುಗಿಯರು ಮನೆ ಮುಂದೆಯೇ ಬಸ್ಸು ಹತ್ತಿದರು. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು.

"ಇದನ್ನ ಆವತ್ತೇ ಯಾಕ ಹೇಳಲಿಲ್ಲೋ ಮಾರಾಯಾ?"

"ಹೇಳಿದ್ರ ಮ್ಯಾಲಿನವ್ರು ನನ್ನ ನಂಬತಿದ್ರೇನು? ತನ್ನೂರಿಗೆ ಬಸ್ಸು ತರಾಕ ಹೂಡಿದ ಆಟ ಅಂತಿದ್ರು," ಎಂದು ನಕ್ಕ.

ಅವನ ಅವಧಿ ಮುಗಿದು ಮತ್ತೆ ಅಧ್ಯಕ್ಷರ ಆಯ್ಕೆ ಬಂದಾಗ ಅವನ ಹೆಸರು ಸೂಚಿಸಿದವನು ನಾನು. ಹನ್ನೆರಡು ಕೈಗಳು ಒಟ್ಟಿಗೇ ಎದ್ದವು. ಗುಡ್ಡದ ಮೇಲಿನ ಆ ಕಚೇರಿಯ ಬಾಗಿಲಲ್ಲಿ ರಾಮಲಿಂಗ ನಿಂತಿದ್ದ. ಹೊರಬಂದ ಅಣ್ಣನನ್ನು ಹೆಗಲ ಮೇಲೆ ಎತ್ತಿಕೊಂಡ.

"ಇಳಸೋ ಹುಚ್ಚಾ, ಮಂದಿ ನೋಡಾಕತ್ತಾರ!" ಎಂದು ತಮ್ಮಣ್ಣ ಗೋಗರೆದ.

"ನೋಡಲಿ ಅಂತನ ಎತ್ತೀನಿ, ಅಣ್ಣಾ," ಎಂದ ರಾಮಲಿಂಗ. ಗುಡ್ಡ ಇಳಿದು ತನ್ನ ಮನೆಯ ಹೊಸ್ತಿಲು ದಾಟುವವರೆಗೂ ಇಳಿಸಲಿಲ್ಲ.